ಫೋನಿನಲ್ಲಿ ಹೇಳಬಾರದ ಮಾತು

ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರೂ ‘ಹೋಗ್ತೇನಿ’ ಎಂದು ಹೇಳಿ ಮನೆ ಬಿಡುವುದಿಲ್ಲ. ಇಲ್ಲೇ ಹುನಗುಂದಕ್ಕೆ ಹೊರಟವನೂ ‘ಬರ್ತೇನಿ’ ಎನ್ನುತ್ತಾನೆ. ‘ಹೋಗ್ತೇನಿ’ ಎಂಬುದು ಸಾಯುವವರ ಮಾತು ಎಂದು ನಮ್ಮವರ ನಂಬಿಕೆ. ಈ ವಿಷಯದಲ್ಲಿ ಮಗ್ಗದ ರತ್ನವ್ವನಷ್ಟು ಬಿಗಿ ಇನ್ಯಾರೂ ಇಲ್ಲ. ಮಗ ಸೋಮಲಿಂಗ ಸಣ್ಣವನಿದ್ದಾಗ ‘ಸಾಲಿಗಿ ಹೋಗ್ತೇನಿ’ ಎಂದರೆ ಸಾಕು, ಹೊಸ್ತಿಲಿಂದ ವಾಪಸು ಕರೆದು ‘ಬರ್ತೇನಿ’ ಅನ್ನಿಸಿಯೇ ಕಳಿಸುತ್ತಿದ್ದಳು.

ಆ ಸೋಮಲಿಂಗ ಸೈನ್ಯ ಸೇರಿದ. ಗಂಡ ತೀರಿಕೊಂಡ ರತ್ನವ್ವನಿಗೆ ಅವನನ್ನು ಬಿಟ್ಟರೆ ಮನೆಯಲ್ಲಿರುವುದು ಸೀರೆ ನೇಯುವ ಕುಣಿಮಗ್ಗ ಒಂದೇ.

ಗಡಿಯಲ್ಲಿ ಗುಂಡು ಹಾರತೊಡಗಿದ ಮೇಲೆ ಅವನ ಫೋನು ನಿಂತಿತು. ಅದರ ಬೆನ್ನಿಗೇ ಒಂದು ವಿಡಿಯೋ ಊರೆಲ್ಲ ಹರಿದಾಡಿತು. ಸೋಮಲಿಂಗನದೇ ಮುಖ, ಅವನದೇ ದನಿ, ಹುಬ್ಬಿನ ಮೇಲಿನ ಕಲೆಯೂ ಇತ್ತು.

“ನಾವು ಶರಣಾಗೇವಿ. ಸಾಹೇಬ್ರು ನಮ್ಮನ್ನ ಬಿಟ್ಟು ಓಡಿದ್ರು. ಅವ್ವಾ, ನನ್ನ ದಾರಿ ಕಾಯಬ್ಯಾಡ. ನಾ ಹೋಗ್ತೇನಿ.”

ಅವನು ಸೈನ್ಯ ಸೇರಿದಾಗ ಪೇಢೆ ತಿಂದ ಬಾಯಿಗಳೇ ಈಗ ಹೇಡಿ ಎಂದವು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಬಾಯಿಪಾಠ ಅಷ್ಟೇ. ಆಗಿನ ನಮ್ಮ ಓಣಿಯನ್ನು ನೆನೆದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ.

ನಿವೃತ್ತ ಮಾಸ್ತರ ವಾಸುದೇವರಾಯರು ರತ್ನವ್ವನ ಮನೆಗೆ ಸಮಾಧಾನ ಹೇಳಲು ಬಂದರು. ನಾನೂ ಅಲ್ಲೇ ಕೂತಿದ್ದೆ.

“ಸೆರೆ ಸಿಕ್ಕ ಸೈನಿಕನ್ನ ಹಿಂಗ ಮಂದಿ ಮುಂದ ತೋರಿಸಿ ತಮಾಷಾ ನೋಡಬಾರ್ದು, ರತ್ನವ್ವ. ಯುದ್ಧಕ್ಕೂ ಕಾಯ್ದೆ ಅದ.”

“ಇಂವ ನನ್ನ ಮಗಾ ಅಲ್ರಿ ಮಾಸ್ತರ್ರ. ನನ್ನ ಮಗಾ ನನಗ ಹೋಗ್ತೇನಿ ಅನ್ನಂಗಿಲ್ಲ.”

ಮಾಸ್ತರರು ವಿಡಿಯೋ ಮತ್ತೊಮ್ಮೆ ನೋಡಿದರು. “ಖರೆ ಇರಬಹುದು. ಕಂಪ್ಯೂಟರಿನಾಗ ಮುಖಾ, ದನಿ ಎರಡೂ ಮಾಡ್ತಾರಂತ.”

“ಹಂಗ ಮಾಡಿದ್ರ ಕಾಯ್ದೆ ಏನಂತೈತ್ರಿ?”

“ವೈರಿ ಕಣ್ಣಿಗೆ ಮಣ್ಣು ಎರಚೋದಕ್ಕ ಯುದ್ಧದಾಗ ಒಂದಿಷ್ಟು ಸಡಿಲ ಅದ. ಇದು ಅದರಾಗ ಬರ್ತದೋ, ಅಪರಾಧ ಆಗ್ತದೋ, ತಿಳದವರೇ ಇನ್ನೂ ವಾದ ಮಾಡ್ಲಿಕ್ಕತ್ತಾರ.”

“ಮಣ್ಣು ಬಿದ್ದಿದ್ದು ನನ್ನ ಕಣ್ಣಾಗ್ರಿ. ನಾನೇನ್ರಿ ಅವರ ವೈರಿ?”

 ಬಾಯಲ್ಲಿ ಅಷ್ಟು ಗಟ್ಟಿಯಾಗಿದ್ದರೂ ರತ್ನವ್ವ ರೊಟ್ಟಿ ಮುಟ್ಟಲಿಲ್ಲ. ಮಗನನ್ನು ಖರೇನೇ ಹಿಡಿದು, ಬಡಿದು ಆ ಮಾತು ಹೇಳಿಸಿದ್ದರೆ ಎಂಬ ಹೆದರಿಕೆ ಅವಳಿಗಿತ್ತು.

ಗುಂಡು ನಿಂತ ಮೇಲೆ ಸೋಮಲಿಂಗನ ಫೋನು ಬಂತು. ಅವನು ಸೆರೆ ಸಿಕ್ಕೇ ಇರಲಿಲ್ಲ. ವಿಡಿಯೋ ಸುಳ್ಳೆಂದು ಸೈನ್ಯದವರೂ ತಿಳಿಸಿದ್ದರು. ರತ್ನವ್ವ ಫೋನಿನ ಸ್ಪೀಕರ್ ಹಾಕಿ ಬಾಗಿಲಲ್ಲೇ ಕೂತಳು. ಓಣಿ ಕೇಳಲಿ ಎಂದೇ.

“ಆರಾಮ ಅದೀನವ್ವ. ಊಟ ಮಾಡು. ಇನ್ನ ಇಡ್ತೇನಿ. ಬರ್...”

“ಅನಬ್ಯಾಡ!” ರತ್ನವ್ವ ಚೀರಿದಳು. ನಾವೆಲ್ಲ ಬೆಚ್ಚಿಬಿದ್ದೆವು. “ಆ ಮಾತು ಫೋನಿನಾಗ ಅನಬ್ಯಾಡೋ ಯಪ್ಪಾ. ಆ ವಿಡಿಯೋ ಮಾಡಿದವ್ರು ಕೇಳಿ ಕಲತಬಿಡ್ತಾರ. ನಿನ್ನ ಗುರುತು ಹಿಡ್ಯಾಕ ನನಗ ಅದೊಂದ ಉಳದೈತಿ.”

ಈಗ ಪ್ರತಿ ಸಲವೂ ಹಾಗೆಯೇ. ಮಾತು ಮುಗಿದ ಮೇಲೆ ಆಚೆ ಮಗ ಒಂದು ಗಳಿಗೆ ಸುಮ್ಮನಿರುತ್ತಾನೆ, ಈಚೆ ತಾಯಿಯೂ ಸುಮ್ಮನಿರುತ್ತಾಳೆ. ‘ಬರ್ತೇನಿ’ ಅನ್ನಿಸದೆ ಮಗನನ್ನು ಸಾಲಿಗೂ ಕಳಿಸದಿದ್ದ ರತ್ನವ್ವ, ಗಡಿಯಲ್ಲಿರುವ ಅವನಿಂದ ಆ ಮಾತು ಕೇಳದೆಯೇ ಫೋನು ಇಡುತ್ತಾಳೆ.