ಗುಳಗಿ ಕೇಳುವ ಯಂಕವ್ವ

ಅಂಬರೀಷನ ಕಾರ್ಡಿನಲ್ಲಿ ‘ಸುಗಂಧ ಚಿಕಿತ್ಸಾ ಸಲಹೆಗಾರ’ ಎಂದಿತ್ತು. ಅವನು ದಿನವಿಡೀ ಕೊಡುತ್ತಿದ್ದ ಸಲಹೆ ಒಂದೇ: “ಚಪ್ಪಲ್ ಹೊರಗ ಬಿಡ್ರಿ.” ನವನಗರದ ಆ ಸುಗಂಧ ತೈಲದ ಅಂಗಡಿಯಲ್ಲಿ ಬಾಟಲಿ ಒರೆಸುವುದು ಅವನ ನೌಕರಿ. ಲ್ಯಾವೆಂಡರ್ ಗಿಡವನ್ನು ಬಾಟಲಿ ಮೇಲಿನ ಚೀಟಿಯ ಚಿತ್ರದಲ್ಲಷ್ಟೇ ಕಂಡವನು.

ಕೆಲಸ ಬಲ್ಲವಳು ಯಂಕವ್ವ. ಗೋಪನಕೊಪ್ಪದ ಓಣಿಗಳಲ್ಲಿ ಮೂವತ್ತು ವರ್ಷ ಬಾಣಂತಿಯರ ಮೈ ತಿಕ್ಕಿದವಳು, ಮನೆಮನೆ ತಿರುಗಲು ಮೊಣಕಾಲು ಒಪ್ಪದೆ ಇಲ್ಲಿ ಪಗಾರಕ್ಕೆ ಸೇರಿದ್ದಳು. ಎಳ್ಳೆಣ್ಣೆಗೆ ಎರಡೇ ಹನಿ ತೈಲ ಬೆರೆಸಿ, ಮೊದಲು ತನ್ನ ಮೊಳಕೈ ಮಡಿಕೆಗೆ ಹಚ್ಚಿ ನೋಡಿ, ಆಮೇಲೆ ಬಂದವರ ಕೈ ಹಿಡಿದು ತಿಕ್ಕುವಳು. ಅದಕ್ಕೂ ಮುಂಚೆ ಒಂದು ಪ್ರಶ್ನೆ: “ಗುಳಗಿ ಯಾವ್ಯಾವ ತಗೋತೀರಿ?” ಇದನ್ನು ಕೇಳಿದರೆ ಮಾಲೀಕ ಶಿವಯೋಗೀಶನಿಗೆ ಮೈ ಉರಿಯುತ್ತಿತ್ತು. ಅಂಗಡಿ ದವಾಖಾನೆಯಂತಾಗುತ್ತದಂತೆ.

ಆ ಸೋಮವಾರ ಹೆಬ್ಬಳ್ಳಿಯ ಹತ್ತಿ ವ್ಯಾಪಾರಿ ಸಿದ್ದಲಿಂಗಪ್ಪ ಬಂದು ಕುಳಿತರು. ಎಣ್ಣೆ ತಿಕ್ಕಿಸಿಕೊಂಡಾಗಿನಿಂದ ನಿದ್ದೆ ಛಲೋ ಬರುತ್ತಿದೆ ಎಂದು ಹೊಗಳಿದರು.

“ಬಿಪಿ ಗುಳಗಿ ತಗೊಂಡೀರಿಲ್ರಿ, ಯಜಮಾನ್ರ?”

“ನಾಕು ದಿನಾ ಆತು, ಬಿಟ್ಟೇನವ್ವಾ. ನಿಮ್ಮ ಗ್ವಾಡಿ ಮ್ಯಾಲ ಬರದೈತಲ್ಲ.”

ಗೋಡೆಯ ಫಲಕದ ಮೇಲೆ ಬರೆದಿತ್ತು. ‘ರಕ್ತದೊತ್ತಡಕ್ಕೆ ಇನ್ನು ಮಾತ್ರೆ ಬೇಡ, ಈ ಪರಿಮಳವೇ ಸಾಕು.’ ಹೇಳಿದವನು ಮಾಲೀಕ. ದುಂಡಗೆ ಬರೆದು, ಫೋಟೋ ತೆಗೆದು, ಹನ್ನೊಂದು ಜನರಿಗೆ ಕಳಿಸಿ ಬೀಗಿದವನು ಅಂಬರೀಷ. ಈಗ ಅವನಿಗೆ ಕಾಲಡಿಯ ಟೈಲ್ಸ್ ನೋಡುವುದರಲ್ಲೇ ಬಹಳ ಕೆಲಸವಿತ್ತು.

ಯಂಕವ್ವ ಎಣ್ಣೆ ಬಟ್ಟಲು ಮುಚ್ಚಿದಳು. “ಈ ಎಣ್ಣಿ ಮೂಗಿಗೆ ಹಿತ, ನಿದ್ದಿಗೆ ಹಿತ. ಅಷ್ಟರಿ. ಬಿಪಿಗೆ ಗುಳಗಿನ ಬೇಕು. ಈಗ ಹೋಗಿ ಡಾಕ್ಟರಿಗೆ ತೋರಿಸ್ರಿ. ಅಲ್ಲೀತನಕ ನಿಮ್ಮ ಕೈ ಮುಟ್ಟೂದಿಲ್ಲ ನಾ.”

ಶಿವಯೋಗೀಶ ಕೌಂಟರಿನಿಂದ ಎದ್ದ. “ಯಂಕವ್ವ, ನಿನಗ ತಿಕ್ಕಾಕ ಪಗಾರ ಕೊಡ್ತೇನಿ. ಡಾಕ್ಟರ್‌ಕಿ ಮಾಡಾಕಲ್ಲ.”

“ಇವರು ಬಿದ್ರ ನೀವು ಹೊರ್ತೀರೇನ್ರಿ, ಸಾಹೇಬ್ರ?”

“ನಾಳಿಂದ ಬರಬ್ಯಾಡ ಹಂಗಾದ್ರ.”

“ಬರ್ತೇನ್ರಿ. ಹತ್ತಕ್ಕ ಬರ್ತೇನಿ. ಬಂದವ್ರನ್ನ ಮೊದಲ ಗುಳಗೀನ ಕೇಳ್ತೇನಿ. ನನ್ನ ಹೊರಗ ಹಾಕೂದಿದ್ರ ಅವ್ರ ಮುಂದ ಹಾಕ್ರಿ.”

ಸಿದ್ದಲಿಂಗಪ್ಪ ಚಪ್ಪಲಿಗೆ ಕಾಲು ತೂರಿಸಿದರು. “ನನ್ನ ಗುಳಗಿ ಸಲುವಾಗಿ ಇಷ್ಟು ಜಗಳ ನಮ್ಮ ಮನ್ಯಾಗೂ ಆಗಿದ್ದಿಲ್ಲ” ಎನ್ನುತ್ತ ದವಾಖಾನೆಯ ದಾರಿ ಹಿಡಿದರು.

ಅಂಬರೀಷ ಸ್ಟೂಲು ಎಳೆದುಕೊಂಡು ಗೋಡೆಯ ಫಲಕಕ್ಕೆ ಕೈ ಹಾಕಿದ. ಒದ್ದೆ ಬಟ್ಟೆಗೆ ಅಕ್ಷರ ಜಗ್ಗಲಿಲ್ಲ. ಎಂದೂ ಅಳಿಸದ ಮಾರ್ಕರೇ ಬೇಕೆಂದು ಹಟ ಹಿಡಿದು ತಂದ ಜಾಣ ಅವನೇ. ನೀಲಗಿರಿ ಎಣ್ಣೆಯ ಬಾಟಲಿ ಬಿಚ್ಚಿ ಬಟ್ಟೆಗೆ ಸುರಿದ. ‘ಪರಿಮಳ’ ಕರಗಿ ಇಳಿಯತೊಡಗಿತು.

“ಅಂಬರೀಷ, ಇಳಿ ಕೆಳಗ. ನಿನ್ನ ನೌಕರೀನೂ ಹೋಗತೈತಿ ನೋಡು.”

“ಇಳೀತೇನ್ರಿ. ಮ್ಯಾಲಿನ ಸಾಲೊಂದು ಉಳದೈತಿ.”

ಸ್ಟೂಲು ಅಲುಗಿತು. ಯಂಕವ್ವ ಬಂದು ಅದರ ಕಾಲು ಹಿಡಿದಳು. “ಜ್ವಾಕಿ. ಬಟ್ಟಿ ಚಂದಂಗ ಹಿಂಡ್ಕೋ ತಮ್ಮಾ, ನನ್ನ ತಲಿ ಮ್ಯಾಲ ಸೋರಾಕತ್ತೈತಿ.”