ಗುಮ್ಮಘಟ್ಟದ ಕೊನೇ ಆಟೋ

ರಾಯದುರ್ಗದ ಗಲ್ಲಿಗಲ್ಲಿಯಲ್ಲೂ ಜೀನ್ಸ್ ಹೊಲಿಯುವ ಯೂನಿಟ್‌ಗಳು ಗಿರಗಿರ ಎನ್ನುತ್ತಿದ್ದ ಕಾಲ. ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ನಾನು ಒಂದು ವೆಬ್‌ಸೈಟ್ ಮಾಡಿದೆ. ಯಾವ ಯೂನಿಟ್‌ನಲ್ಲಿ ಯಾವ ಕೆಲಸ ಖಾಲಿ ಇದೆ ಎಂದು ಫೋನಿನಲ್ಲೇ ನೋಡಬಹುದಿತ್ತು. ಜಿಪ್ ಕೂರಿಸುವವರು, ಬೆಲ್ಟ್ ಹಾಕುವವರು, ದಾರ ಕತ್ತರಿಸುವವರು ಎಂದು ಎಲ್ಲವನ್ನೂ ಒಪ್ಪವಾಗಿ ವಿಂಗಡಿಸಿ, ಮೇಲೊಂದು ಹುಡುಕುವ ಪೆಟ್ಟಿಗೆ ಇಟ್ಟಿದ್ದೆ. ಅದರ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಜಂಬವಿತ್ತು.

ಜನ ಆ ಪೆಟ್ಟಿಗೆಯಲ್ಲಿ ಏನು ಬರೆದು ಹುಡುಕಿದರು ಎಂಬ ಪಟ್ಟಿ ನನಗೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ 'ಗುಮ್ಮಘಟ್ಟ ಕೊನೇ ಆಟೋ' ಎಂದಿತ್ತು. ಅದರ ಕೆಳಗೆ 'ಕಣೇಕಲ್ಲು ಸಂಜೆ ಬಸ್'. ಎರಡೂ ಸುತ್ತಲಿನ ಊರುಗಳೇ. ಮಾರನೆಯ ದಿನ ಮತ್ತೆ ಅದೇ ಕೊನೇ ಆಟೋ, ಅದರ ಮಾರನೆಯ ದಿನವೂ. ನನ್ನ ವೆಬ್‌ಸೈಟ್ ಪ್ರತಿ ಸಲವೂ 'ಏನೂ ಸಿಗಲಿಲ್ಲ' ಎಂದು ಉತ್ತರ ಕೊಟ್ಟಿತ್ತು. ಕೆಲಸ ಹುಡುಕಿರಪ್ಪಾ ಎಂದರೆ ಆಟೋ ಹುಡುಕುತ್ತಾರಲ್ಲ ಎಂದು ಅಂಗಡಿಯ ಯಜಮಾನರಿಗೂ ತೋರಿಸಿದೆ. ಇಬ್ಬರೂ ಹೊಟ್ಟೆ ತುಂಬ ನಕ್ಕೆವು.

ಆ ಶನಿವಾರ ಫೋನಿಗೆ ರೀಚಾರ್ಜ್ ಮಾಡಿಸಲು ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ವರ್ಷದ ಮಗು. ರೀಚಾರ್ಜ್ ಆದ ಮೇಲೂ ಹೋಗದೆ, ಈ ಕೆಲಸದ ವೆಬ್‌ಸೈಟ್ ಕೆಟ್ಟಿದೆಯೇನೋ ನೋಡಿ ಎಂದು ಫೋನನ್ನು ನನ್ನ ಮುಂದಿಟ್ಟಳು. ಪೆಟ್ಟಿಗೆಯಲ್ಲಿ ಅದೇ ಆಟೋ. ನಾನು ಟೀಚರಮ್ಮನ ಗತ್ತಿನಲ್ಲಿ, ಇಲ್ಲಿ ಆಟೋ ಸಿಗುವುದಿಲ್ಲ, ನಿನಗೆ ಬರುವ ಕೆಲಸದ ಹೆಸರು ಹಾಕಬೇಕು ಎಂದು ತಿದ್ದಿದೆ.

"ಕೆಲಸ ಯಾವುದಾದ್ರೂ ಮಾಡ್ತೀನ್ರಿ," ಎಂದಳು. "ಕೊನೇ ಆಟೋ ಸಿಗೋ ಹೊತ್ತಿಗೆ ಯಾರು ಬಿಡ್ತಾರ, ಅದು ಹೇಳ್ರಿ. ಆಟೋ ತಪ್ಪಿದ್ರ ಈ ಕೂಸು ಯಾರ ಮಗ್ಗಲಾಗ ಮಲಗಬೇಕ್ರಿ?"

ಗಂಡ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಹಗಲು ಅತ್ತೆ ಮಗುವನ್ನು ನೋಡಿಕೊಳ್ಳುತ್ತಿದ್ದಳು, ಕತ್ತಲಾದರೆ ಅದು ತಾಯಿಯನ್ನು ಬಿಟ್ಟು ಇರುತ್ತಿರಲಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿದ್ದ ಅಕ್ಕ ಅಲ್ಲೊಂದು ಕೆಲಸ ನೋಡಿಟ್ಟಿದ್ದಳು, ಆದರೆ ಹಾಸ್ಟೆಲ್ಲಿಗೆ ಮಗುವನ್ನು ಸೇರಿಸುವುದಿಲ್ಲ. ಸೋಮವಾರದೊಳಗೆ ಇಲ್ಲಿ ಏನೂ ಸಿಗದಿದ್ದರೆ ಮಗುವನ್ನು ಬಿಟ್ಟು ಹೋಗಲೇಬೇಕಿತ್ತು.

ನನ್ನ ಜಂಬ ಇಳಿಯಿತು. ನಾನು ಚಿಕ್ಕವಳಿದ್ದಾಗ ನನ್ನಮ್ಮನೂ ಯೂನಿಟ್ ಬಾಗಿಲಲ್ಲಿ ನಿಂತು ಮೊದಲು ಕೇಳುತ್ತಿದ್ದುದು ಎಷ್ಟೊತ್ತಿಗೆ ಬಿಡುತ್ತೀರಿ ಎಂದೇ. ಕೆಲಸಕ್ಕೆ ಸೇರುವ ಮೊದಲೇ ಮನೆಗೆ ಹೋಗುವ ಮಾತೇನಮ್ಮಾ ಎಂದು ಯೂನಿಟ್‌ನವರು ಹಂಗಿಸುತ್ತಿದ್ದರು. ಸೆರಗು ಹಿಡಿದು ನಿಂತಿರುತ್ತಿದ್ದ ನನಗೆ ಅಮ್ಮನ ಬಗ್ಗೆ ನಾಚಿಕೆಯಾಗುತ್ತಿತ್ತು. ಆ ನಾಚಿಕೆ ನೆನೆದು ಈಗ ನಾಚಿಕೆಯಾಯಿತು.

ಅವಳನ್ನು ಕೂರಿಸಿ, ಮಗುವಿನ ಕೈಗೆ ಕೆಟ್ಟ ಮೌಸೊಂದನ್ನು ಕೊಟ್ಟು, ಒಂದೊಂದೇ ಯೂನಿಟ್‌ಗೆ ಫೋನ್ ಮಾಡಿದೆ. ಆರ್ಡರ್ ಇದ್ದರೆ ಬಿಡುವ ಹೊತ್ತು ಹೇಳಲಾಗದು ಎಂದವರೇ ಹೆಚ್ಚು. ಕೊನೆಗೆ ಒಬ್ಬರು, ದಾರ ಕತ್ತರಿಸುವವರು ಬೇಕು, ಆರಕ್ಕೆ ಬಿಡುತ್ತೇವೆ ಎಂದರು. ಕೊನೇ ಆಟೋ ಹೊರಡುತ್ತಿದ್ದುದು ಆರೂವರೆಗೆ. ಆ ಕೆಲಸ ವಾರದಿಂದ ನನ್ನ ವೆಬ್‌ಸೈಟ್‌ನಲ್ಲೇ ಇತ್ತು. ಬಿಡುವ ಹೊತ್ತನ್ನು ನಾನು ಯಾರನ್ನೂ ಕೇಳಿರಲಿಲ್ಲ, ಅಷ್ಟೆ.

ಭಾನುವಾರವಿಡೀ ಕೂತು ಪ್ರತಿ ಯೂನಿಟ್ ಮುಂದೆ ಬಿಡುವ ಹೊತ್ತು, ಆಗ ಸಿಗುವ ಬಸ್ಸು, ಆಟೋ ಎಲ್ಲ ಸೇರಿಸಿದೆ. ಈಗ ಆಟೋ ಹುಡುಕಿದರೆ ಕೆಲಸ ಸಿಗುತ್ತಿತ್ತು.

ಸೋಮವಾರ ಸಂಜೆ ತಡೆಯಲಾರದೆ ಆಟೋ ಸ್ಟ್ಯಾಂಡಿಗೆ ಹೋದೆ. ಕೊನೇ ಆಟೋದ ಹಿಂದಿನ ಸೀಟಿನಲ್ಲಿ ಬುತ್ತಿ ಡಬ್ಬಿ ಹಿಡಿದು ಅವಳು ಒತ್ತಿಕೊಂಡು ಕೂತಿದ್ದಳು. ಆಟೋ ಹೊರಟ ಮೇಲೆ ಮನೆಗೆ ಬಂದೆ. ಅಮ್ಮ ರೊಟ್ಟಿ ಬಡಿಯುತ್ತಿದ್ದಳು. ನೀನು ಆಗ ಎಲ್ಲಾ ಕಡೆ ಬಿಡುವ ಹೊತ್ತು ಕೇಳುತ್ತಿದ್ದುದು ನನ್ನ ಸಲುವಾಗಿಯಾ ಎಂದು ಕೇಳಿದೆ.

ಅಮ್ಮ ಕೈ ನಿಲ್ಲಿಸಲಿಲ್ಲ. "ಮತ್ಯಾರ ಸಲುವಾಗಿ ಅನ್ಕಂಡಿದ್ದಿ?" ಎಂದಳು.