ಕುದಿನೀರಿಗೆ ಬಿದ್ದ ಕೆಕ್ಕರಿಕೆ ಬೀಜ

ನಮ್ಮ ಹೊಲದ ಕೆಕ್ಕರಿಕೆ ಹಣ್ಣು ಪೇಟೆಯಲ್ಲಿ ಸಿಗುವಂಥದ್ದಲ್ಲ. ಹಳದಿ ಸಿಪ್ಪೆಯ ಮೇಲೆ ಹಸಿರು ಗೀರು. ಮಾಗಿದರೆ ತಾನೇ ಬಿರಿದು ಹಿಟ್ಟು ಹಿಟ್ಟಾಗುತ್ತಿತ್ತು. ಬೆಲ್ಲ ಉದುರಿಸಿಕೊಂಡು ತಿಂದರೆ ಮಧ್ಯಾಹ್ನದ ಊಟವೇ ಬೇಡ. ಮಾರಿಕಣಿವೆ ಅಣೆಕಟ್ಟೆಯ ನೀರು ಹಳೆಯ ಊರನ್ನು ನುಂಗಿದಾಗ ಮನೆಯ ಹಿರಿಯಳೊಬ್ಬಳು ಸೆರಗಿನ ಗಂಟಿನಲ್ಲಿ ಆ ಬೀಜ ತಂದಳೆಂದು ನಮ್ಮತ್ತೆ ಹೇಳುತ್ತಿದ್ದಳು. ಅದು ಅತ್ತೆಯಿಂದ ಸೊಸೆಗೆ ಬರಬೇಕು, ಹೊರಗೆ ಹೋಗಕೂಡದು. ವರ್ಷಾ ವರ್ಷಾ ಬೀಜವನ್ನು ಸಗಣಿಯಲ್ಲಿ ಒತ್ತಿ, ತಟ್ಟಿ, ಅಡಿಗೆಮನೆ ಗೋಡೆಗೆ ಬಡಿದು ಮುಂದಿನ ಬಿತ್ತನೆಗೆ ಇಡುತ್ತಿದ್ದೆವು.

ನಾದಿನಿಯನ್ನು ತಾಳ್ಯಕ್ಕೆ ಕೊಟ್ಟಿತ್ತು. ಬಂದಾಗಲೆಲ್ಲ ಬೀಜ ಕೇಳುತ್ತಿದ್ದಳು. ಹೆತ್ತ ಮಗಳಿಗೆ ಇಲ್ಲವೆನ್ನಲು ಅತ್ತೆಗೆ ಬಾಯಿ ಬರಲಿಲ್ಲ, ಕೊಡಲು ಮನಸ್ಸೂ ಬರಲಿಲ್ಲ. ನನ್ನನ್ನು ಒಲೆಯ ಹತ್ತಿರ ಕರೆದು, "ಕುದಿಯೋ ನೀರಿಗೆ ಹಾಕಿ ತೆಗಿ. ಒಣಗ್ಸಿ ಕೊಡಾಣ. ನೋಡಾಕೆ ಏನೂ ಗೊತ್ತಾಗಲ್ಲ," ಅಂದಳು.

ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ನಾನು ಭರಮಸಾಗರದಿಂದ ಮದುವೆಯಾಗಿ ಬಂದ ಹೊಸದರಲ್ಲಿ, ನೆಂಟರೆಲ್ಲ ಊಟಕ್ಕೆ ಕೂತಾಗ, ಇದೇ ನಾದಿನಿ, "ಇದೇನು ಸಾರಾ, ಕಲಗಚ್ಚಾ? ಭರಮಸಾಗರದಾಗೆ ಇದನ್ನೇ ಉಣ್ತೀರೇನು?" ಅಂದಿದ್ದಳು. ಬೀಜ ಕುದಿನೀರಿಗೆ ಬಿದ್ದಾಗ ನನಗೆ ಹಿತವಾಯಿತು. ಒಂದು ಸಲವಲ್ಲ, ಮೂರು ವರ್ಷ ಹಾಗೇ ಮಾಡಿ ಅತ್ತೆಯ ಕೈಗೆ ಕೊಟ್ಟೆ.

ಮೂರು ವರ್ಷವೂ ಅವಳು ಊರಿದ್ದು ಹುಟ್ಟಲಿಲ್ಲ. ಇವಳ ಕೈಯೇ ಒಳ್ಳೇದಲ್ಲ ಎಂದು ಅವಳತ್ತೆ ಊರೆಲ್ಲ ಸಾರಿದಳು. ಆಮೇಲೆ ಆ ಮನೆಯವರು ಅವಳಿಗೆ ಯಾವ ಬೀಜವನ್ನೂ ಮುಟ್ಟಗೊಡಲಿಲ್ಲ. ಬಿತ್ತನೆಯ ದಿನ ಹೆಂಗಸರೆಲ್ಲ ಮಡಿಲಿಗೆ ಬೀಜ ಕಟ್ಟಿಕೊಂಡು ಸಾಲಿಗಿಳಿದರೆ ಇವಳು ಬುತ್ತಿ ಹೊತ್ತು ಹೋಗಿ ಬದುವಿನ ಮೇಲೆ ನಿಲ್ಲಬೇಕು. ಸುದ್ದಿ ತಿಳಿದಾಗ ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಅಷ್ಟೆ. ಅತ್ತೆ ಬಾಯಿ ಬಿಡದೆಯೇ ತೀರಿಕೊಂಡಳು.

ಹೋದ ವರ್ಷ ಅಡಿಗೆಮನೆಗೆ ಟೈಲ್ಸ್ ಹಾಕಿಸಿದೆವು. ನಾನು ಹಿರಿಯೂರಿಗೆ ಹೋಗಿದ್ದೆ. ಗಾರೆಯವನು ಗೋಡೆಯ ಮೇಲಿನದನ್ನು ಬರೀ ಬೆರಣಿ ಅಂದುಕೊಂಡು ಕಿತ್ತ. ನನ್ನ ಗಂಡ ಅಷ್ಟನ್ನೂ ನೀರೊಲೆಗೆ ಹಾಕಿ ಸ್ನಾನ ಮಾಡಿ ಕೂತಿದ್ದ. ಅಯ್ಯೋ, ಅವನಿಗೆ ಬೈದದ್ದು ಇಡೀ ಬೀದಿಗೆ ಕೇಳಿರಬೇಕು. ಒಂದು ಬೀಜವೂ ಉಳಿದಿರಲಿಲ್ಲ.

ಸುದ್ದಿ ಕೇಳಿ ನಾದಿನಿ ತಾಳ್ಯದಿಂದ ಬಸ್ಸು ಹತ್ತಿ ಬಂದಳು. ಕೂರುವ ಮೊದಲೇ ಸೆರಗಿನ ಗಂಟು ಬಿಚ್ಚಿದಳು. ಹದಿನೈದಿಪ್ಪತ್ತು ಬೀಜ.

"ಅವ್ವ ಕೊಟ್ಟಿದ್ರಾಗೆ ಇಷ್ಟು ಎತ್ತಿಟ್ಟಿದ್ದೆ ಅತ್ತಿಗೆ. ನನ್ನ ಕೈಲಿ ಹುಟ್ಟಲ್ಲ. ನಿನ್ನ ಕೈ ಒಳ್ಳೇದು, ನೀನು ಊರು. ಮನೆ ಬೀಜ ಉಳೀಲಿ."

ಎರಡೂ ಕೈ ಒಡ್ಡಿ ಇಸಿದುಕೊಂಡೆ. ಅವಳು ಹೋದ ಮೇಲೆ ಆ ಬೆಂದ ಬೀಜವನ್ನು ತಿಪ್ಪೆಗೆ ಎಸೆದೆ.

ಹದಿನೈದು ದಿನಕ್ಕೆ ಫೋನ್ ಮಾಡಿದಳು. "ಹುಟ್ಟಿದ್ವಾ?"

ಹುಟ್ಟಲಿಲ್ಲ ಅಂದಿದ್ದರೆ ಸಾಕಿತ್ತು. ತಪ್ಪು ಬೀಜದ್ದೆಂದು ತಾಳ್ಯದವರೂ ಒಪ್ಪುತ್ತಿದ್ದರು. ಆದರೆ ಆ ಬೀಜಕ್ಕೆ ಏನಾಗಿತ್ತು ಅನ್ನುವ ಮಾತೂ ಏಳುತ್ತಿತ್ತು. ನನ್ನ ಹಾಳು ನಾಲಿಗೆ, "ಹೂಂ, ಅಷ್ಟೂ ಹುಟ್ಟ್ಯಾವೆ," ಅಂದಿತು.



"ಹಂಗಾರೆ ನಮ್ಮತ್ತೆ ಅಂದಿದ್ದೇ ನಿಜ," ಅಂದಳು. "ನನ್ನ ಕೈಯೇ ಸರಿಯಿಲ್ಲ ಬಿಡು. ಹಣ್ಣಾದ್ರೆ ಒಂದು ಕಳಿಸು ಅತ್ತಿಗೆ. ನಾನು ಬರಲ್ಲ, ಬಳ್ಳಿ ಗಿಳ್ಳಿ ಮುಟ್ಟಿಬಿಟ್ಟೇನು."